ಡೀಸೆಲ್ ಬ್ಯಾರೆಲ್‌ಗೆ ಬಣ್ಣ ಬಳಿಯುವ ದಿನ

ಅಡಿಕೆ ಕೊಯ್ಲು ಮುಗಿದು ಬಿಸಿಲು ಬಲಿಯುವ ಫೆಬ್ರುವರಿಯೇ ಈ ಕೆಲಸಕ್ಕೆ ಸರಿಯಾದ ಕಾಲ. ಟಿಲ್ಲರ್‌ಗೂ ಜನರೇಟರ್‌ಗೂ ಎಂದು ತೋಟದ ಮನೆಯಲ್ಲಿಟ್ಟ 200 ಲೀಟರಿನ ಬ್ಯಾರೆಲ್ ಖಾಲಿಯಾದಾಗಲೇ ಅಂಗಳಕ್ಕೆ ಉರುಳಿಸಬೇಕು. ದೊಡ್ಡ ಬಿರಡೆ, ಸಣ್ಣ ಬಿರಡೆ ಎರಡನ್ನೂ ಮೊದಲೇ ಬಿಗಿ ಮಾಡಿ. ತುಕ್ಕಿನ ಪುಡಿ ಒಳಗೆ ಬಿದ್ದರೆ ಮುಂದೆ ಫಿಲ್ಟರ್ ಕಟ್ಟುತ್ತದೆ.

ಹೆಚ್ಚಿನವರು ನೇರವಾಗಿ ಮರಳು ಕಾಗದ ಹಿಡಿಯುತ್ತಾರೆ. ಅಲ್ಲೇ ಕೆಲಸ ಕೆಡುವುದು. ಎಣ್ಣೆ ಇರುವಾಗ ಉಜ್ಜಿದರೆ ಅದು ಗೀರುಗಳೊಳಗೆ ಇಳಿಯುತ್ತದೆ, ಆರೇ ತಿಂಗಳಿಗೆ ಬಣ್ಣ ಹಾಳೆಯಂತೆ ಏಳುತ್ತದೆ. ಮೊದಲು ಸೋಪಿನ ಪುಡಿಯಲ್ಲಿ ತೊಳೆದು ಒಣಗಿಸಿ, ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಯನ್ನು ಎರಡು ಸಲವಾದರೂ ಬದಲಿಸಿ. ನೀರು ಚಿಮುಕಿಸಿ ನೋಡಿ: ಹನಿಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ, ತೆಳ್ಳಗೆ ಹರಡಿಕೊಂಡರೆ ತಗಡು ಶುದ್ಧ. ಇದಾದ ಮೇಲೆ ತಂತಿ ಬ್ರಷ್, 80 ನಂಬರಿನ ಕಾಗದ, ಕೊನೆಗೆ 120. ಗ್ರೈಂಡರ್, ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಬ್ಯಾರೆಲ್‌ನಲ್ಲಿ ಆವಿ ತುಂಬಿರುತ್ತದೆ. ತುಂಬಿದ ಬ್ಯಾರೆಲ್‌ಗಿಂತ ಖಾಲಿಯದ್ದೇ ಸಿಡಿಯುವ ಭಯ ಹೆಚ್ಚು.

ಮೇಲಿನ ಮುಚ್ಚಳವೊಂದನ್ನು ಬಿಟ್ಟು ಉಳಿದ ಮೈಗೆ ಉಜ್ಜಿದ ದಿನವೇ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಅಡಿಬಣ್ಣ, ಅಂದರೆ ಪ್ರೈಮರ್) ಬಳಿಯಬೇಕು. ಬರಿ ತಗಡಿಗೆ ಒಂದೇ ರಾತ್ರಿಯ ಇಬ್ಬನಿ ಸಾಕು, ಮತ್ತೆ ತುಕ್ಕು. ಹೊರಮೈ ಒಟ್ಟು ಎರಡು ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಒಂದು ಸಲ ಬಳಿಯಲು ಕಾಲು ಲೀಟರ್ ಆದರೆ ಆಯಿತು. ಹತ್ತು ಗಂಟೆಗೆ ಶುರುಮಾಡಿ ಮೂರಕ್ಕೆ ನಿಲ್ಲಿಸಿ. ಪ್ರೈಮರ್ ಮೇಲೆ ಬಳಿಯುವ ಎನಾಮಲ್ ಬಣ್ಣ ಸಂಜೆಯ ತೇವಕ್ಕೆ ಸಿಕ್ಕರೆ ಹೊಳಪು ಕಳೆದು ಮಂಕಾಗುತ್ತದೆ. ಒಳಮೈಗೆ ಮಾತ್ರ ಯಾವ ಬಣ್ಣವೂ ಬೇಡ.

ಮೇಲಿನ ಮುಚ್ಚಳದ ವಿಷಯ ಬೇರೆ. ಕೈಪಂಪಿನಿಂದ ತೊಟ್ಟಿಕ್ಕುವ ಡೀಸೆಲ್ ಅಲ್ಲೇ ನಿಂತು ಸಾಮಾನ್ಯ ಎನಾಮಲನ್ನು ಮೆತ್ತಗಾಗಿಸುತ್ತದೆ. ಅಲ್ಲಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿಯೇ ಸರಿ, ಪ್ರೈಮರ್ ಕೂಡ ಎಪಾಕ್ಸಿಯದೇ ಇರಲಿ. ರೆಡ್ ಆಕ್ಸೈಡ್ ಮೇಲೆ ಎಪಾಕ್ಸಿ ಬಳಿದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಉಳಿದ ಮೈಗೆ ಬಿಳಿ ಎನಾಮಲ್, ತೆಳ್ಳಗೆ ಎರಡು ಕೋಟು, ನಡುವೆ ಒಂದು ರಾತ್ರಿ. ಕಪ್ಪು, ಕಡುನೀಲಿ ಚೆನ್ನಾಗಿ ಕಾಣಬಹುದು; ಆದರೆ ಹಗಲಿನ ಕಾವು ರಾತ್ರಿ ಆರುವಾಗ ಒಳಗೆ ಬೆವರುತ್ತದೆ, ಆ ನೀರು ತಳ ಸೇರುತ್ತದೆ.

ಎನಾಮಲ್ ಒಣಗಿದ ಮೇಲೆ ಅಕ್ಷರ. ಸ್ಟಿಕ್ಕರ್ ಡೀಸೆಲ್‌ಗೆ ತಾಳುವುದಿಲ್ಲ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಕತ್ತರಿಸಿ, ಅಕ್ಷರ ಮೂರು ಇಂಚು ಎತ್ತರವಿರಲಿ. ಕನ್ನಡ ಅಕ್ಷರಗಳು ಗುಂಡಗಿರುವುದರಿಂದ ಸೊನ್ನೆಯಂತೆ ಮುಚ್ಚಿಕೊಂಡ ಕಡೆ ಒಳತುಂಡು ಕಳಚಿಬೀಳುತ್ತದೆ. ಅದು ಬೀಳದಂತೆ ನಾಲ್ಕೈದು ಮಿಲಿಮೀಟರ್ ಅಗಲದ ಪಟ್ಟಿಯನ್ನು ಸೇತುವೆಯಂತೆ ಕತ್ತರಿಸದೆ ಬಿಡಿ. ಬ್ರಷ್ ಎಳೆಯಬಾರದು, ಬಣ್ಣ ಅಚ್ಚಿನಡಿ ನುಗ್ಗುತ್ತದೆ. ಸ್ಪಂಜನ್ನು ಕಾಗದದ ಮೇಲೆ ಒತ್ತಿ ಹೆಚ್ಚಿನ ಬಣ್ಣ ತೆಗೆದು, ತಟ್ಟಿ ತಟ್ಟಿ ಹಚ್ಚಿ. ಎರಡು ಉಬ್ಬುಪಟ್ಟಿಗಳ ನಡುವಿನ ಸಪಾಟು ಜಾಗದಲ್ಲಿ ಕೆಂಪಿನಲ್ಲಿ ‘ಡೀಸೆಲ್’, ಕೆಳಗೆ ‘ಬೆಂಕಿ ತರಬೇಡಿ’. ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್, ಟಿಲ್ಲರ್‌ಗೆ ಡೀಸೆಲ್. ಹೊಸದಾಗಿ ಬಂದ ಕೆಲಸಗಾರರಿಗೆ ಇದು ಹೇಗೆ ಗೊತ್ತಾಗಬೇಕು? ಹೊರರಾಜ್ಯದವರಿದ್ದರೆ ಹಿಂದಿಯಲ್ಲೂ ಬರೆಯಿರಿ. ತುಂಬಿಸಿದ ತಾರೀಖಿಗೆ ಅಂಗೈಯಗಲ ಕಪ್ಪುಹಲಗೆಯ ಬಣ್ಣ ಹಚ್ಚಿದರೆ ಸೀಮೆಸುಣ್ಣದಲ್ಲಿ ಬರೆದು ಅಳಿಸಬಹುದು.

ಅಳತೆ ಕೋಲಿಗೂ ಇದೇ ದಿನ ಗುರುತು ಹಾಕಿಬಿಡಿ. ನಿಂತ ಬ್ಯಾರೆಲ್‌ನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು ಎರಡೂವರೆ ಲೀಟರ್.

ಒಂದು ವಾರ ಮುಟ್ಟದೆ ಬಿಡಿ, ಎನಾಮಲ್ ಪೂರ್ತಿ ಗಟ್ಟಿಯಾಗಲು ಅಷ್ಟು ದಿನ ಬೇಕು. ಆಮೇಲೆ ಸೂರಿನಡಿ, ಒಂದು ಬದಿಗೆ ಚಪ್ಪಡಿ ಚೂರು ಕೊಟ್ಟು, ಎರಡು ಬಿರಡೆಗಳಲ್ಲಿ ಯಾವುದೂ ತಗ್ಗಿನ ಕಡೆಗೆ ಬಾರದಂತೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಎರಚಲು ನೀರು ಮುಚ್ಚಳದ ಮೇಲೆ ಬಿದ್ದರೂ ಬಿರಡೆಗಳಿಗೆ ತಾಗದೆ ತಗ್ಗಿನ ಅಂಚಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಒರೆಸಿ ತೆಗೆಯುವುದು ಸುಲಭ.