ಬೀದರದಿಂದ ಫಲಕ್‌ನುಮಾಕ್ಕೆ, ಕೈಯಲ್ಲೊಂದು ಹಳೇ ಫೋಟೊ

ಚಿಟಗುಪ್ಪಾ ಕಡೆಯ ಹಿರಿಯರಿಗೆ ‘ಪೈಗಾ’ ಎಂಬ ಮಾತು ಹೊಸದಲ್ಲ. ನಿಜಾಮರ ಕಾಲದಲ್ಲಿ ಆ ಊರು ಪೈಗಾ ಎಂಬ ಶ್ರೀಮಂತ ಮನೆತನದ ಜಹಗೀರು. ಅದೇ ಮನೆತನದ ವಿಕಾರ್-ಉಲ್-ಉಮ್ರಾ ಹೈದರಾಬಾದಿನ ಗುಡ್ಡದ ಮೇಲೆ 1884ರಲ್ಲಿ ಕಟ್ಟಲು ಹಿಡಿದ ಅರಮನೆ ಫಲಕ್‌ನುಮಾ. ಮುಗಿಯಲು ಸುಮಾರು 9 ವರ್ಷ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಅದು ಆರನೇ ನಿಜಾಮ ಮಹಬೂಬ್ ಅಲಿ ಖಾನರ ಪಾಲಾಯಿತು.

ಅರಮನೆಯ ಹಳೇ ಫೋಟೊ ತೆಗೆದ ಜಾಗದಲ್ಲೇ ನಿಂತು ಅದೇ ಚಿತ್ರವನ್ನು ಮತ್ತೆ ತೆಗೆಯುವ ಆಸೆಯಿದ್ದರೆ, ಆ ಕಾಲದ ಫೋಟೊ ಒಂದನ್ನು ಹಾಳೆಯ ಮೇಲೆ ಪ್ರಿಂಟ್ ಹಾಕಿಸಿಕೊಂಡೇ ಹೊರಡಬೇಕು. ಮೊಬೈಲಿನಲ್ಲೇ ಇಟ್ಟುಕೊಂಡರೆ ಅದನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ನೋಡಲಾಗದು.

ಬೀದರದಿಂದ ಜಹೀರಾಬಾದ್, ಸಂಗಾರೆಡ್ಡಿ ದಾರಿಯ ಬಸ್ಸು ಹಿಡಿದರೆ ಲಿಂಗಂಪಲ್ಲಿಯಲ್ಲೇ ಇಳಿಯುವುದು ಜಾಣತನ. ಅಲ್ಲಿಂದ ಫಲಕ್‌ನುಮಾ ಸ್ಟೇಷನ್ನಿಗೆ ಲೋಕಲ್ ರೈಲು ಇದೆ, ಊರ ನಡುವಿನ ಟ್ರಾಫಿಕ್ ತಪ್ಪುತ್ತದೆ. ಆದರೆ ಎಲ್ಲ ಲೋಕಲ್‌ಗಳೂ ಅಲ್ಲಿವರೆಗೆ ಹೋಗುವುದಿಲ್ಲ, ಬೋರ್ಡು ನೋಡಿ ಹತ್ತಬೇಕು. ಅರಮನೆ 2010ರಿಂದ ಹೋಟೆಲು. ಮುಂಗಡ ಬುಕಿಂಗ್ ಇಲ್ಲದೆ ಹೋದರೆ ಗೇಟು ನೋಡಿಯೇ ವಾಪಸು.

ಒಳಗೆ ಹೋದ ಮೇಲೆ ಹಳೇ ಕ್ಯಾಮೆರಾ ನಿಂತ ಜಾಗ ಹುಡುಕುವುದೇ ನಿಜವಾದ ಕೆಲಸ. ತೋಟದ ಗಿಡಗಳನ್ನು ನಂಬಬಾರದು, ಅವು ಬೆಳೆಯುತ್ತವೆ, ಬದಲಾಗುತ್ತವೆ. ಕಂಬ, ಮೆಟ್ಟಿಲು, ಕಿಟಕಿಯಂಚು ನಂಬಿ. ಫೋಟೊದಲ್ಲಿ ಹತ್ತಿರದ ಒಂದು ಅಂಚು, ಅದರ ಹಿಂದಿನ ಒಂದು ಅಂಚು ಆರಿಸಿಕೊಳ್ಳಿ. ಹತ್ತಿರದ್ದು ಫೋಟೊದಲ್ಲಿರುವುದಕ್ಕಿಂತ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಹೆಚ್ಚು ಹೋಗಿದ್ದೀರಿ, ಎಡಕ್ಕೆ ಬನ್ನಿ. ಮುಂಚಾಚಿದ ಭಾಗ ಹಿಂದಿನ ಗೋಡೆಗೆ ಹೋಲಿಸಿದರೆ ದೊಡ್ಡದಾಗಿ ಕಂಡರೆ ಹಿಂದೆ ಸರಿಯಿರಿ. ಇಲ್ಲಿ ಝೂಮ್ ಕೆಲಸಕ್ಕೆ ಬಾರದು. ಅದು ಎಲ್ಲವನ್ನೂ ಒಂದೇ ಅಳತೆಯಲ್ಲಿ ಹಿಗ್ಗಿಸುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಇನ್ನೊಂದು ತಪ್ಪು, ಮೊಬೈಲನ್ನು ಮೇಲಕ್ಕೆ ವಾಲಿಸುವುದು. ಕಂಬಗಳ ತುದಿ ಒಂದಕ್ಕೊಂದು ಒರಗಿದಂತೆ ಬರುತ್ತದೆ. ಹಳೆಯವರು ಕ್ಯಾಮೆರಾ ನೆಟ್ಟಗಿಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಜರುಗಿಸುತ್ತಿದ್ದರು. ಮೊಬೈಲಿನಲ್ಲಿ ಆ ಸೌಕರ್ಯವಿಲ್ಲ. ನೆಟ್ಟಗೆ ಹಿಡಿದು ಅಗಲವಾಗಿ ತೆಗೆದು, ಕೆಳಗಿನ ನೆಲ ಕತ್ತರಿಸಬೇಕು.

ಕಂಬದ ತಲೆಯನ್ನೂ ನೋಡಿ: ಟಗರಿನ ಕೊಂಬಿನಂಥ ಸುರುಳಿ ಇದ್ದರೆ ಅಯಾನಿಕ್, ಎಲೆಗೊಂಚಲಿದ್ದರೆ ಕೊರಿಂಥಿಯನ್; ಎರಡೂ ಹಳೇ ಗ್ರೀಕ್ ಶೈಲಿಗಳು.

ಹಳೇ ಫೋಟೊದ ಆಕಾಶ ಬಹುಪಾಲು ಬೋಳು ಬಿಳಿ. ಅಂದು ಫಿಲ್ಮಿನ ಜಾಗದಲ್ಲಿ ಬಳಸುತ್ತಿದ್ದ ಗಾಜಿನ ಪ್ಲೇಟು ನೀಲಿಗೆ ಬೇಗ ಸ್ಪಂದಿಸುತ್ತಿತ್ತು, ಹಸಿರು-ಕೆಂಪಿಗೆ ಮಂದ. ಹಾಗಾಗಿ ಆಕಾಶ ಸುಟ್ಟುಹೋಗಿ ತೋಟ ಕಪ್ಪಾಗಿ ಕಾಣುತ್ತದೆ. ಅಂದು ಮೋಡ ಕವಿದಿತ್ತೆಂದು ಗೈಡ್ ಹೇಳಿದರೆ ಕಂಬದ ಬುಡ ನೋಡಿ. ನೆರಳು ಚೂಪಾಗಿದ್ದರೆ ಒಳ್ಳೇ ಬಿಸಿಲೇ ಇತ್ತು.