ಹೆಡರ್ ಇಳಿಸಿ ಬೀಡು ಏರಿಸಿದ ಚಳಿಗಾಲ: 1968ರ ಜಿಟಿಒ ಕೆಲಸದ ದಿನಚರಿ

ನವೆಂಬರ್

ರಸ್ತೆಗೆ ಉಪ್ಪು ಬೀಳುವ ಮೊದಲೇ ಕಾರನ್ನು ಗ್ಯಾರೇಜಿಗೆ ಸೇರಿಸಿದೆ. ಮಿಶಿಗನ್ ಚಳಿಯಲ್ಲಿ ಹಳೆಯ ಕಾರಿಗೆ ಹಿಮಕ್ಕಿಂತ ಉಪ್ಪೇ ದೊಡ್ಡ ಶತ್ರು. ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟು ಎತ್ತಿ ನಿಲ್ಲಿಸಿ, ಬ್ಯಾಟರಿ ಬಿಚ್ಚಿಟ್ಟಿದ್ದೇನೆ. ಏಪ್ರಿಲ್‌ವರೆಗೆ ಒಂದೇ ಕೆಲಸ. ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯಲು ಈಗಿರುವ ಉದ್ದ ಉಕ್ಕಿನ ಕೊಳವೆಯ ಹೆಡರ್ ಉಳಿಯಬೇಕೋ, ಅದೇ ಕೆಲಸದ ಬೀಡು ಕಬ್ಬಿಣದ (ಎರಕದ ಕಬ್ಬಿಣದ) ಎಕ್ಸಾಸ್ಟ್ ಮ್ಯಾನಿಫೋಲ್ಡ್ ವಾಪಸ್ ಬರಬೇಕೋ ಅನ್ನುವುದನ್ನು ಇತ್ಯರ್ಥ ಮಾಡಿ, ಅದರಂತೆ ಕೆಲಸ ಮುಗಿಸುವುದು.

ಕಾರು 1968ರ ಪಾಂಟಿಯಾಕ್ ಜಿಟಿಒ. 400 ಘನ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ ಸುಮಾರು 6.6 ಲೀಟರ್. ಗೇರ್‌ಬಾಕ್ಸ್ ಟರ್ಬೊ ಹೈಡ್ರಾಮ್ಯಾಟಿಕ್ 400, ಅಂದರೆ ಆಟೊಮ್ಯಾಟಿಕ್. ಕಂಪನಿ ಅಂದು ಹೇಳಿದ್ದು 5000 ಆರ್‌ಪಿಎಂಗೆ 350 ಕುದುರೆ ಶಕ್ತಿ. ಆ ಕಾಲದ ಗ್ರಾಸ್ ಲೆಕ್ಕವೆಂದರೆ ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಕಾರಿನ ಪೂರ್ತಿ ಸೈಲೆನ್ಸರ್ ಸಾಲು ಇಲ್ಲದೆ ತೆಗೆದ ಸಂಖ್ಯೆ. ಹೊಗೆ ಹೋಗುವ ದಾರಿಯ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು, ಏಕೆಂದರೆ ಕಾರಿನೊಳಗೆ ಕೂತ ಎಂಜಿನ್ನು ಆ 350ನ್ನು ಎಂದೂ ಚಕ್ರಕ್ಕೆ ಕೊಟ್ಟದ್ದಲ್ಲ.

ಹೆಡರ್ ಹಾಕಿಸಿದ್ದು ನಾನಲ್ಲ, ಹಿಂದಿನ ಮಾಲೀಕರು. ಮಾರುವಾಗ ಅವರು ಹಳೆಯ ಮ್ಯಾನಿಫೋಲ್ಡ್‌ಗಳನ್ನು ಮರದ ಪೆಟ್ಟಿಗೆಯಲ್ಲಿ ಡಿಕ್ಕಿಯಲ್ಲಿಟ್ಟು ಕೊಟ್ಟಿದ್ದರು. “ಹೆಡರ್ ಹಾಕಿದ ದಿನ ಕಾರು ಮರುಹುಟ್ಟು ಪಡೆಯಿತು” ಎಂದೂ ಹೇಳಿದ್ದರು. ಎರಡು ಬೇಸಿಗೆ ನಾನೂ ಅದನ್ನೇ ನಂಬಿಕೊಂಡು ಓಡಿಸಿದೆ.

ಆದರೆ ಆ ಎರಡು ಬೇಸಿಗೆಯ ಲೆಕ್ಕ ಹೀಗಿದೆ. ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೋಪಿ ಮೂರು ಬಾರಿ ಸುಟ್ಟಿತು. ಬೆಳಗಿನ ತಣ್ಣನೆ ಎಂಜಿನ್ನಿನಲ್ಲಿ ಟಿಕ್ ಟಿಕ್ ಎಂಬ ಸೋರಿಕೆ ಸದ್ದು. ಬೋಲ್ಟ್ ಬಿಗಿದರೆ ಎರಡು ವಾರ ಸುಮ್ಮನಿದ್ದು ಮತ್ತೆ ಶುರು. ಪೆಟ್ರೋಲ್ ಬಂಕಿನಲ್ಲಿ ಬಿಸಿ ಕಾರು ನಿಲ್ಲಿಸಿದರೆ ಸ್ಟಾರ್ಟರ್ ಇಪ್ಪತ್ತು ನಿಮಿಷ ಮುಷ್ಕರ ಹೂಡುತ್ತಿತ್ತು, ಏಕೆಂದರೆ ಬಿಸಿ ಕೊಳವೆ ಅದರ ಸೊಲೆನಾಯ್ಡ್ (ವಿದ್ಯುತ್ ಸ್ವಿಚ್ಚು) ಪಕ್ಕದಲ್ಲೇ ಹಾದುಹೋಗುತ್ತದೆ. ಕೊನೆಗೆ ಜುಲೈನಲ್ಲಿ ದೇವಸ್ಥಾನದ ಪಾರ್ಕಿಂಗ್‌ನಲ್ಲಿ, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂತಿದ್ದಾಗ, ರಸ್ತೆ ಉಬ್ಬಿಗೆ ಹೆಡರ್ ಕೊಳವೆಗಳೆಲ್ಲ ಸೇರುವ ಕಲೆಕ್ಟರ್ ಕರ್ರೆಂದು ಉಜ್ಜಿತು. ಇಳಿದು ಬಗ್ಗಿ ನೋಡಿದರೆ ತಳ ಚಪ್ಪಟೆ, ಕಪ್ಪು ಲೇಪ ಹೋಗಿ ಬೆಳ್ಳಗೆ ಹೊಳೆಯುವ ಉಕ್ಕು. ಅಳತೆಪಟ್ಟಿ ಹಿಡಿದೆ: ನೆಲದಿಂದ ನಾಲ್ಕು ಇಂಚೂ ಇಲ್ಲ.

ಡಿಸೆಂಬರ್

ಪೆಟ್ಟಿಗೆ ಬಿಚ್ಚಿದೆ. ಈ ಚಳಿಗಾಲದ ಅತಿ ದೊಡ್ಡ ಪಾಠ ಅದರೊಳಗಿತ್ತು.

ಬಲಗಡೆಯ ಮ್ಯಾನಿಫೋಲ್ಡ್ ಬಾಯಲ್ಲಿ ಹೀಟ್ ರೈಸರ್ ಎಂಬ ಚಿಟ್ಟೆ ಕವಾಟ ಇರುತ್ತದೆ. ತಣ್ಣನೆ ಎಂಜಿನ್ನಿನಲ್ಲಿ ಅದು ಮುಚ್ಚಿಕೊಂಡು, ಬಿಸಿ ಹೊಗೆಯನ್ನು ಇನ್‌ಟೇಕ್ ಅಡಿಯ ಹಾದಿಗೆ ತಿರುಗಿಸಿ ಕಾರ್ಬುರೇಟರ್‌ಗೆ ಬೆಚ್ಚಗೆ ಕೊಡುತ್ತದೆ. ಎಂಜಿನ್ ಕಾದ ಮೇಲೆ ಸುರುಳಿ ಸ್ಪ್ರಿಂಗ್ ಸಡಿಲವಾಗಿ ಕವಾಟ ತೆರೆದುಕೊಳ್ಳಬೇಕು. ನನ್ನ ಪೆಟ್ಟಿಗೆಯಲ್ಲಿದ್ದುದು ಅರ್ಧ ಮುಚ್ಚಿದ ಸ್ಥಿತಿಯಲ್ಲೇ ತುಕ್ಕು ಹಿಡಿದು ಕಲ್ಲಾಗಿತ್ತು. ಸುತ್ತಿಗೆಯಿಂದ ತಟ್ಟಿದರೂ ಕದಲಲಿಲ್ಲ. ಅಂದರೆ ಎಷ್ಟೋ ವರ್ಷ ನಾಲ್ಕು ಸಿಲಿಂಡರ್‌ಗಳು ಅರ್ಧ ಕತ್ತು ಹಿಸುಕಿಸಿಕೊಂಡು ಉಸಿರಾಡಿವೆ. ಹೆಡರ್ ಹಾಕಿದಾಗ ಆ ಕವಾಟವೂ ಹೋಯಿತು, ತುಕ್ಕು ತಿಂದ ಸಣ್ಣ ಪೈಪೂ ಹೋಯಿತು, ಹೊಸ ಸೈಲೆನ್ಸರೂ ಬಂತು. ಮರುಹುಟ್ಟಿನ ಪುಣ್ಯವೆಲ್ಲ ಹೆಡರ್ ಪಾಲಾಯಿತು. ಹೆಡರ್ ಮೊದಲು, ಹೆಡರ್ ನಂತರ ಎಂದು ಯಾರಾದರೂ ಹೋಲಿಸಿ ಹೇಳಿದರೆ, ಮೊದಲಿದ್ದದ್ದು ಸರಿಯಾಗಿತ್ತೇ ಎಂದು ನಾನೀಗ ಖಂಡಿತ ಕೇಳುತ್ತೇನೆ.

ಹಾಗಂತ ಹೆಡರ್‌ನಲ್ಲಿ ಹುರುಳಿಲ್ಲ ಎನ್ನಲಾರೆ. ಪಾಂಟಿಯಾಕ್ ವಿ8 ಉರಿಯುವ ಸರದಿ 1-8-4-3-6-5-7-2. ಎಡಸಾಲಿನಲ್ಲಿ ಇರುವುದು 1, 3, 5, 7. ಸರದಿಯಲ್ಲಿ 5 ಮತ್ತು 7 ಬೆನ್ನಿಗೆ ಬೆನ್ನು ಬರುತ್ತವೆ, ಜಾಗದಲ್ಲೂ ಅಕ್ಕಪಕ್ಕದವು. 5 ಇನ್ನೂ ಹೊಗೆ ತಳ್ಳುತ್ತಿರುವಾಗಲೇ 7ರ ಕವಾಟ ತೆರೆದು ಹೊಸ ಒತ್ತಡ ನುಗ್ಗುತ್ತದೆ. ಹಳೆಯ ಮ್ಯಾನಿಫೋಲ್ಡ್ ಎಂದರೆ ಮರದ ದಿಮ್ಮಿಯಂತಹ ಒಂದೇ ಮೊಂಡು ಗೂಡು. 7ರ ಹೊಗೆ ಹೊರಗೆ ಹೋಗುವ ಬದಲು ಒಂದಿಷ್ಟು 5ರ ಕಡೆಗೇ ತಿರುಗುತ್ತದೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಸ್ವಂತ ಕೊಳವೆ, ಸೇರುವುದು ದೂರದ ಕಲೆಕ್ಟರ್‌ನಲ್ಲಿ. ಒತ್ತಡದ ಅಲೆ ಕಲೆಕ್ಟರ್ ತಲುಪಿ ಹರಡಿಕೊಂಡಾಗ ಒಂದು ಎಳೆತದ ಅಲೆ ಹಿಂದಕ್ಕೆ ಓಡಿಬರುತ್ತದೆ. ಒಳಗಿನ ಹೊರಗಿನ ಕವಾಟಗಳೆರಡೂ ತೆರೆದಿರುವ ಆ ಚಿಕ್ಕ ಗಳಿಗೆಗೆ ಸರಿಯಾಗಿ ಅದು ಬಂದು ಮುಟ್ಟಿದರೆ, ಉಳಿದ ಹೊಗೆಯನ್ನು ಸೆಳೆದು ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ನನಗೆ ಇದು ಎಂಜಿನ್ ವಿದ್ಯೆಯಲ್ಲೇ ಅತಿ ಸುಂದರವಾದ ಸಂಗತಿ.

ಆದರೆ ಆ ಗಳಿಗೆ ಕೊಳವೆಯ ಉದ್ದಕ್ಕೂ ಎಂಜಿನ್ ವೇಗಕ್ಕೂ ಕಟ್ಟುಬಿದ್ದಿದೆ. ಕವಾಟಗಳನ್ನು ತೆರೆಯುವ ದಂಡವೇ ಕ್ಯಾಮ್. ಎರಡು ಕವಾಟ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿರುವ ಕ್ಯಾಮ್ ಇದ್ದರೆ ಲಾಭ ಹೆಚ್ಚು. ನನ್ನ ಕ್ಯಾಮ್ ಬಹುತೇಕ ಕಾರ್ಖಾನೆಯದ್ದೇ. ಕಾರು ತನ್ನ ಆಯುಷ್ಯದ ಬಹುಪಾಲು ಕಳೆಯುವುದು 2000ದಿಂದ 3000 ಆರ್‌ಪಿಎಂ ನಡುವೆ.

ಇದನ್ನು ಯೋಚಿಸುವಾಗ ಮೈಸೂರಿನ ಯೆಜ್ಡಿ ಬೈಕು ನೆನಪಾಗುತ್ತದೆ. ಅದನ್ನು ತಯಾರಿಸುತ್ತಿದ್ದ, 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. ನಮ್ಮ ಬೀದಿಯಲ್ಲಿ ಮನೆಗೊಂದು ಯೆಜ್ಡಿ. ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತು ಓಡಿಸುವುದು ಹುಡುಗರಿಗೆ ಹಬ್ಬ. ಸದ್ದು ಊರಿಗೆಲ್ಲ ಕೇಳಿಸುತ್ತಿತ್ತು, ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಗಾಡಿ ಮೊದಲಿಗಿಂತ ಬೇಗ ಸೋಲುತ್ತಿತ್ತು. ಟು ಸ್ಟ್ರೋಕ್ ಲೆಕ್ಕ ಬೇರೆ, ಒಪ್ಪುತ್ತೇನೆ. ಆದರೆ ಸದ್ದನ್ನು ಶಕ್ತಿ ಎಂದು ಕಿವಿ ನಂಬಿಬಿಡುತ್ತದೆ ಎಂದು ನಾನು ಕಲಿತದ್ದು ಅಲ್ಲೇ.

ಜನವರಿ

ತೀರ್ಮಾನವಾಯಿತು. ಹಳೆಯ ದಿಮ್ಮಿಗೂ ಅಲ್ಲ, ಹೊಸ ಹೆಡರ್‌ಗೂ ಅಲ್ಲ. ಪಾಂಟಿಯಾಕ್ ತನ್ನ ಹೆಚ್ಚು ಶಕ್ತಿಯ ರಾಮ್ ಏರ್ ಎಂಜಿನ್ನುಗಳಿಗೆ ಕೊಟ್ಟಂತಹ ಉದ್ದ ಕವಲಿನ ಬೀಡಿನ ಮ್ಯಾನಿಫೋಲ್ಡ್ ಈಗ ಹೊಸದಾಗಿ ಎರಕ ಹೊಯ್ದು ಸಿಗುತ್ತದೆ. ಕವಲುಗಳು ಒಂದಿಷ್ಟು ದೂರ ಬೇರೆಬೇರೆಯಾಗಿ ಇಳಿದು ಆಮೇಲೆ ಸೇರುತ್ತವೆ, ಬಾಯಿ ಎರಡೂವರೆ ಇಂಚು. ಒಳ್ಳೆ ಲೇಪದ ಹೆಡರ್‌ಗೂ ಇದಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕೊಳ್ಳುವವರು ಒಂದನ್ನು ನೋಡಿಕೊಳ್ಳಬೇಕು: ನನ್ನ 16ನೇ ಸಂಖ್ಯೆಯ ಸಿಲಿಂಡರ್ ಹೆಡ್‌ಗಳಲ್ಲಿ (ಮ್ಯಾನಿಫೋಲ್ಡ್ ಕೂರುವ ಭಾಗ) ಹೊಗೆಯ ದ್ವಾರ ಡಿ ಆಕಾರದ್ದು. ರಾಮ್ ಏರ್ 4ರ ದುಂಡು ದ್ವಾರಕ್ಕೆ ಮಾಡಿದ್ದು ಇದಕ್ಕೆ ಕೂರುವುದಿಲ್ಲ.

ಬೀಡು ಭಾರವೆಂದು ಮ್ಯಾನಿಫೋಲ್ಡ್ ಹಗುರ ಮಾಡುವ ಹುಚ್ಚಿಗೆ ಪಾಂಟಿಯಾಕೇ ಒಮ್ಮೆ ಒಳಗಾಗಿತ್ತು. 1960ರ ದಶಕದ ಮೊದಲಲ್ಲಿ ಕಾಲು ಮೈಲಿ ಪಂದ್ಯದ ಸೂಪರ್ ಡ್ಯೂಟಿ 421 ಎಂಜಿನ್ನಿಗೆ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ ಮ್ಯಾನಿಫೋಲ್ಡ್ ಕೊಟ್ಟರು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪೂರ್ತಿ ಒತ್ತಿದ ಎಂಜಿನ್ನಿನ ಹೊಗೆ ಅದನ್ನು ದಾಟುತ್ತದೆ. ಕಾಲು ಮೈಲಿಗೆ ಸರಿ, ಹೆಚ್ಚು ಹೊತ್ತು ಓಡಿಸಿದರೆ ಕರಗಿಯೇ ಹೋಗುತ್ತಿತ್ತು.

ಜನವರಿ ಪೂರ್ತಿ ತಿಂದದ್ದು ಒಂದು ಬೋಲ್ಟ್. ಹೆಡರ್ ಬಿಚ್ಚುವಾಗ ಎಡಗಡೆ ತೀರಾ ಹಿಂದಿನದು, ಎಂಜಿನ್ ಹಿಂದಿನ ಗೋಡೆ ಫೈರ್‌ವಾಲ್ ಮಗ್ಗುಲಿನದು, ಸ್ಪ್ಯಾನರ್‌ಗೆ ಒಮ್ಮೆ ಮೆತ್ತಗೆ ಸಿಕ್ಕಂತೆ ತಿರುಗಿ, ಮರುಕ್ಷಣ ಕೈಗೆ ಬಂತು. ತಲೆ ಮಾತ್ರ. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಉಳಿದ ತುಂಡು ಹೆಡ್ ಮೈಯಿಂದ ಒಂದು ನೂಲಿನಷ್ಟು ಒಳಗೆ ಮುರಿದಿತ್ತು.

ಅಸಿಟೋನ್ ಮತ್ತು ಗೇರ್‌ಬಾಕ್ಸ್ ಎಣ್ಣೆ ಸಮ ಬೆರೆಸಿ ಮೂರು ದಿನ ಹನಿ ಹನಿ ಬಿಟ್ಟೆ. ಆಮೇಲೆ ಸುತ್ತಲಿನ ಬೀಡನ್ನು ಟಾರ್ಚಿನಿಂದ ಕಾಯಿಸಿ, ಮೇಣದಬತ್ತಿಯ ತುದಿ ತಾಗಿಸಿದೆ. ಮೇಣ ಕರಗಿ, ಹೊಗೆಯಾಡುತ್ತ, ದಾರದ ಎಳೆಗಳ ನಡುವೆ ತಾನಾಗಿ ಹೀರಿಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ಮೂರು ಸಲ ಕಾಯಿಸಿ ಮೂರು ಸಲ ಮೇಣ ಉಣಿಸಿದೆ. ವೆಲ್ಡಿಂಗ್ ಬಲ್ಲ ಗೆಳೆಯ ಶನಿವಾರ ಬಂದು, ಮುರಿದ ತುಂಡಿನ ಮೇಲೆ ವಾಷರ್, ಅದರ ಮೇಲೆ ನಟ್ ಇಟ್ಟು ಬೆಸೆದ. ಮೊದಲನೆಯ ನಟ್ ಕಳಚಿಕೊಂಡಿತು. ಎರಡನೆಯದೂ. ಮೂರನೆಯದು ಕೆಂಪಗಿರುವಾಗಲೇ ಸ್ಪ್ಯಾನರ್ ಹಾಕಿ, ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿದೆ. ಕಿರ್ರ್ ಎಂದಿತು. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಹದಿನೈದು ನಿಮಿಷಕ್ಕೆ ಕಂದು ಪುಡಿ ಉದುರಿಸುತ್ತ ಪೂರ್ತಿ ತುಂಡು ಹೊರಗೆ ಬಂತು. ಹೆಡ್ ಒಳಗಿನ ದಾರಕ್ಕೆ ಗಾಯವಿಲ್ಲ. ಆ ತುಂಡು ಈಗ ಕಿಟಕಿಯ ಮೇಲಿದೆ.

ಮಾರ್ಚ್

ಕೂರಿಸುವ ಕೆಲಸ ಎರಡು ಭಾನುವಾರದಲ್ಲಿ ಮುಗಿಯಿತು. ಹೆಡ್ ಮುಖಕ್ಕೆ ನೇರ ಪಟ್ಟಿ ಹಿಡಿದು ಸಮತಟ್ಟು ನೋಡಿದೆ, ಹೊಸ ಗ್ಯಾಸ್ಕೆಟ್, ಎಳೆಗಳು ಮತ್ತೆ ಕಚ್ಚಿಕೊಳ್ಳದಂತೆ ಆಂಟಿ ಸೀಜ್ ಲೇಪ. ಮಧ್ಯದ ಬೋಲ್ಟ್‌ಗಳಿಗೆ ಸಾಕೆಟ್ ಹೋಗುವುದಿಲ್ಲ, ಅಗ್ಗದ ಸ್ಪ್ಯಾನರ್ ಒಂದನ್ನು ಕತ್ತರಿಸಿ ಗಿಡ್ಡ ಮಾಡಿಕೊಂಡೆ. ಮಧ್ಯದಿಂದ ಹೊರಕ್ಕೆ ಬಿಗಿಯುತ್ತ ಬಂದು 30 ಫುಟ್ ಪೌಂಡ್‌ಗೆ ನಿಲ್ಲಿಸಿದೆ. ಎರಡೂವರೆ ಇಂಚಿನ ಇಳಿ ಪೈಪು, ನಡುವೆ ಎಚ್ ಆಕಾರದ ಜೋಡಣೆ.

ಏಪ್ರಿಲ್

ಮೊದಲ ಸ್ಟಾರ್ಟ್. ಲೇಪ ಸುಡುವ ಹೊಗೆ ಹತ್ತು ನಿಮಿಷ, ಆಮೇಲೆ ನಿಶ್ಶಬ್ದ. ನಿಶ್ಶಬ್ದ ಎಂದರೆ ಟಿಕ್ ಟಿಕ್ ಇಲ್ಲ. ಹೆಡರ್‌ನ ತೆಳು ಉಕ್ಕು ಎತ್ತರದ ಸ್ವರದಲ್ಲಿ ಝಣಗುಟ್ಟುತ್ತಿತ್ತು, ದಪ್ಪ ಬೀಡು ಅದನ್ನು ನುಂಗಿಕೊಳ್ಳುತ್ತದೆ. ಈಗ ಉಳಿದಿರುವುದು ಎದೆಯ ಕೆಳಗೆ ಮುಟ್ಟುವ ಗುಡುಗು ಮಾತ್ರ.

ಅಕ್ಟೋಬರ್‌ನಲ್ಲಿ ಒಂದೇ ರಸ್ತೆಯಲ್ಲಿ ಗಂಟೆಗೆ 40ರಿಂದ 70 ಮೈಲಿ ಏರಲು ಎಷ್ಟು ಹೊತ್ತು ಎಂದು ನಾಲ್ಕು ಸಲ ಅಳೆದಿಟ್ಟಿದ್ದೆ. ಹೆಡರ್ ಸರಾಸರಿ 5.4 ಸೆಕೆಂಡ್. ಅದೇ ರಸ್ತೆಯಲ್ಲಿ ಈಗ 5.6. ಎರಡೂ ದಿನದ ಹವೆ ಒಂದೇ ಅಲ್ಲ, ಆದರೂ 4500ರ ಮೇಲೆ ಎಂಜಿನ್ ಸ್ವಲ್ಪ ಬೇಗ ದಣಿಯುವುದು ನನ್ನ ಕಾಲಿಗೂ ಗೊತ್ತಾಗುತ್ತದೆ. ಆ ಕಡೆಯ ಏರಿಕೆಯನ್ನು ನಾನು ನಿಜವಾಗಿ ಕಳೆದುಕೊಂಡಿದ್ದೇನೆ, ಅದರ ಬೇಸರವೂ ಇದೆ. ದೊಡ್ಡ ಕ್ಯಾಮ್ ಹಾಕಿ ಪಂದ್ಯದ ಟ್ರ್ಯಾಕಿಗೆ ಒಯ್ಯುವವರಿಗೆ ನಾನು ಹೆಡರ್ ಬೇಡ ಎನ್ನುವುದಿಲ್ಲ.

ಮೊನ್ನೆ ವುಡ್‌ವರ್ಡ್ ಅವೆನ್ಯೂ ಮೇಲೆ ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ಓಡಿಸಿದೆ. ಆಗಸ್ಟಿನ ಡ್ರೀಮ್ ಕ್ರೂಸ್‌ನಲ್ಲಿ ಸಾವಿರಾರು ಹಳೆಯ ಕಾರು ಇಂಚಿಂಚು ತೆವಳುವುದು ಇದೇ ರಸ್ತೆಯಲ್ಲಿ. ದಾರಿಯಲ್ಲಿ ಬೇಕೆಂದೇ ಬಿಸಿ ಎಂಜಿನ್ನನ್ನು ಮೂರು ಕಡೆ ಆರಿಸಿ, ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದೆ. ಮೂರೂ ಸಲ ಮೊದಲ ತಿರುವಿಗೇ ಹೊತ್ತಿಕೊಂಡಿತು. ವಾಪಸ್ ಬರುವಾಗ ದೇವಸ್ಥಾನದ ಪಾರ್ಕಿಂಗ್‌ಗೆ ಹೋಗಿ, ಅದೇ ಉಬ್ಬನ್ನು ನಿಧಾನಕ್ಕೆ ದಾಟಿದೆ. ಏನೂ ತಾಗಲಿಲ್ಲ.

ಬೋಲ್ಟ್‌ಗಳನ್ನು ಮೂರು ಸಲ ಬಿಸಿ ಮಾಡಿ ಆರಿಸಿದ ಮೇಲೆ ಮತ್ತೆ ಬಿಗಿದಿದ್ದೇನೆ. ಎರಡು ಮಾತ್ರ ಕಾಲು ಸುತ್ತು ಕೇಳಿದವು. ಹೀಟ್ ರೈಸರ್ ಇಲ್ಲದ್ದರಿಂದ ಬೆಳಗಿನ ಮೊದಲ ಎರಡು ಮೈಲಿ ಕಾರ್ಬುರೇಟರ್ ಸ್ವಲ್ಪ ತಡವರಿಸುತ್ತದೆ. ಮುಂದಿನ ವಾರ ಚೋಕ್ ಸ್ಪ್ರಿಂಗನ್ನು ಒಂದು ಗೀಟು ತಿರುಗಿಸಿ ನೋಡುತ್ತೇನೆ.