ಗೇಮ್ ಎಐನಲ್ಲಿ ಪಿಎಚ್‌ಡಿ: ಅಳತೆಗೋಲು ಮೊದಲು, ಏಜೆಂಟ್ ಆಮೇಲೆ

ವಿಡಿಯೊ ಗೇಮ್ ಮತ್ತು ಎಐ ವಿಷಯದಲ್ಲಿ ಪಿಎಚ್‌ಡಿಗೆ ನೋಂದಾಯಿಸಬೇಕು ಅಂತ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಬರೆಯುವ ಮೊದಲ ಸಿನಾಪ್ಸಿಸ್ ಹೆಚ್ಚುಕಮ್ಮಿ ಒಂದೇ ಅಚ್ಚಿನಲ್ಲಿರುತ್ತದೆ: ಡೀಪ್ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಆಡಿ ಆಡಿ, ಬಹುಮಾನ-ದಂಡದಿಂದ ಕಲಿಯುವ ವಿಧಾನ) ಬಳಸಿ ಗೇಮ್ ಚೆನ್ನಾಗಿ ಆಡುವ ಏಜೆಂಟ್, ಅಂದರೆ ತಾನೇ ನಡೆ ಆರಿಸುವ ಪ್ರೋಗ್ರಾಂ. ಯಾವ ಗೇಮು, ಯಾರಿಗಿಂತ ಚೆನ್ನಾಗಿ, ಎಷ್ಟು ಚೆನ್ನಾಗಿ? ಈ ಮೂರಕ್ಕೂ ಅದರಲ್ಲಿ ಉತ್ತರ ಇರುವುದಿಲ್ಲ. ಇವಕ್ಕೆ ಉತ್ತರ ಸಿಗುವ ತನಕ ಜಿಪಿಯು ಕೊಳ್ಳುವುದು ದುಡ್ಡು ದಂಡ.

ಎಲ್ಲರೂ ಮೊದಲು ಹಿಡಿಯುವುದು ಅಟಾರಿಯನ್ನು, ಅಂದರೆ ಆ ಹೆಸರಿನ ಕಂಪನಿಯ ಹಳೆಯ ವಿಡಿಯೊ ಗೇಮ್‌ಗಳನ್ನು. ಡೀಪ್‌ಮೈಂಡ್‌ನವರ ಡಿಕ್ಯೂಎನ್ (ಒಂದೊಂದು ನಡೆಯ ಬೆಲೆಯನ್ನು ಅಂದಾಜಿಸಲು ಕಲಿಯುವ ವಿಧಾನ) ಪ್ರಬಂಧ 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. 49 ಆಟಗಳು, ಒಂದೊಂದಕ್ಕೂ 20 ಕೋಟಿ ಫ್ರೇಮು. ಮನುಷ್ಯ ಊಟ ನಿದ್ದೆ ಬಿಟ್ಟು 38 ದಿನ ಆಡಿದರೆ ಅಷ್ಟಾಗುತ್ತದೆ. ನಿಮ್ಮ ಯಂತ್ರ ಸೆಕೆಂಡಿಗೆ 2,000 ಫ್ರೇಮ್ ಓಡಿಸುತ್ತದೆ ಅಂದುಕೊಳ್ಳಿ: ಒಂದು ಓಟಕ್ಕೆ 28 ಗಂಟೆ ಹತ್ತಿರ. 49 ಆಟಕ್ಕೆ ತಲಾ 10 ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಶುರುಬೆಲೆ; ಅದನ್ನು ಬದಲಿಸಿ ಅದೇ ಪ್ರಯೋಗ ಮತ್ತೆ ಓಡಿಸುವುದು) ಅಂದರೆ 490 ಓಟ, ಒಂದೇ ಯಂತ್ರಕ್ಕೆ ಒಂದೂವರೆ ವರ್ಷಕ್ಕೂ ಹೆಚ್ಚು. ಅದೂ ಒಂದೇ ಒಂದು ಅಲ್ಗಾರಿದಮ್‌ಗೆ. ಯುಜಿಸಿಯ 2022ರ ನಿಯಮಾವಳಿ ಪಿಎಚ್‌ಡಿಗೆ ಕೊಡುವುದು ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್ ಅದರೊಳಗೇ ಮುಗಿಯಬೇಕು. ಮಿಕ್ಕ ಲೆಕ್ಕ ನೀವೇ ಹಾಕಿಕೊಳ್ಳಿ.

ಹಾಗಾಗಿ ಸಣ್ಣ ಆಟ ಹಿಡಿಯಿರಿ, ಸರಿಯುತ್ತರವನ್ನು ಪೂರ್ತಿ ಲೆಕ್ಕ ಹಾಕಿಕೊಳ್ಳಬಹುದಾದ ಆಟ. ಅಂಥದ್ದು ನಮ್ಮಲ್ಲೇ ಇದೆ: ಆಡು-ಹುಲಿ. ಹಳೆಯ ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಕೊರೆದಿರುವ ತ್ರಿಕೋನದ ಮನೆ (ಆಟದ ಪಟ), 23 ಬಿಂದು, 3 ಹುಲಿ, 15 ಆಡು. ಹುಲಿ ಆಡನ್ನು ಹಾರಿ ಕಡಿಯುತ್ತದೆ. ಆಡುಗಳು ಹುಲಿಗಳನ್ನು ಕಟ್ಟಿಹಾಕುತ್ತವೆ. ಇಬ್ಬರ ಗುರಿಯೂ ಬೇರೆ, ನಡೆಯೂ ಬೇರೆ. ಸಂಶೋಧನೆಗೆ ಈ ಅಸಮತೆ ತುಂಬ ಫಲವತ್ತಾದ ಜಾಗ. ಚದುರಂಗ, ಗೋ ಎರಡರಲ್ಲೂ ಇಬ್ಬರ ಕೈಯಲ್ಲೂ ಒಂದೇ ಬಗೆಯ ಕಾಯಿಗಳಿರುವುದರಿಂದ ಅಲ್ಲಿ ಗೆದ್ದ ತಂತ್ರಗಳು ಇಲ್ಲಿಗೆ ಹಾಗೇ ಒಗ್ಗುವುದಿಲ್ಲ.

ಇದರ ಗಾತ್ರ ನೋಡಿ. ಮೂರು ಹುಲಿಗಳನ್ನು 23 ಬಿಂದುಗಳಲ್ಲಿ 1,771 ಬಗೆಯಲ್ಲಿ ಇಡಬಹುದು. ಉಳಿದ 20 ಬಿಂದುಗಳಲ್ಲಿ ಆಡುಗಳು. ಆರು ಆಡು ಕಡಿದರೆ ಹುಲಿ ಗೆದ್ದಂತೆ ಅಂತ ನಿಯಮ ಇಟ್ಟುಕೊಂಡರೆ, ಎಲ್ಲ ಆಡುಗಳನ್ನೂ ಇಟ್ಟಾದ ಮೇಲಿನ ಹಂತದಲ್ಲಿ ಮನೆಯ ಮೇಲೆ 10ರಿಂದ 15 ಆಡುಗಳಿರುತ್ತವೆ. ಅವನ್ನು ಇಡುವ ಬಗೆ 6,10,470. ಗುಣಿಸಿ, ನಡೆ ಯಾರದು ಅನ್ನುವುದಕ್ಕೆ ಇನ್ನೊಮ್ಮೆ ಎರಡರಿಂದ ಗುಣಿಸಿದರೆ ಸುಮಾರು 216 ಕೋಟಿ ಸ್ಥಿತಿಗಳು. ಕೋಟಿ ಅಂದ ತಕ್ಷಣ ಹೆದರುವುದು ಬೇಡ. ಎಲ್ಲ ಸ್ಥಿತಿಗಳ ಫಲಿತಾಂಶದ ಕೋಷ್ಟಕ ಕಟ್ಟಲು ಒಂದೊಂದು ಸ್ಥಿತಿಗೆ ಬೇಕಾದ್ದು ನಾಲ್ಕು ಗುರುತುಗಳಲ್ಲಿ ಒಂದು: ಹುಲಿ ಗೆಲುವು, ಆಡು ಗೆಲುವು, ಡ್ರಾ, ಇನ್ನೂ ಗೊತ್ತಿಲ್ಲ. ಅದಕ್ಕೆ 2 ಬಿಟ್ ಸಾಕು. ಒಟ್ಟು 540 ಎಂಬಿ. ಮನೆ ಎಡಬಲ ಒಂದೇ ಆಗಿರುವುದರಿಂದ ಕನ್ನಡಿ ಬಿಂಬಗಳನ್ನು ಕೂಡಿಸಿದರೆ ಅದರ ಅರ್ಧ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲೂ ಹಿಡಿಯುತ್ತದೆ.

ಕೋಡ್‌ಗೆ ಮೊದಲು ನಿಯಮ ಬರೆಯಬೇಕು, ಏಕೆಂದರೆ ಊರಿಂದೂರಿಗೆ ನಿಯಮ ಬೇರೆ. ಎಷ್ಟು ಆಡು ಕಡಿದರೆ ಹುಲಿ ಗೆಲ್ಲುತ್ತದೆ? ಒಂದೇ ನಡೆಯಲ್ಲಿ ಎರಡು ಸಲ ಹಾರಬಹುದೇ? ಕಡಿಯುವ ಅವಕಾಶ ಇದ್ದರೆ ಕಡಿಯಲೇಬೇಕೇ? ಹುಲಿಗಳು ಶುರುವಿನಲ್ಲಿ ಎಲ್ಲಿ ಕೂರುತ್ತವೆ? ಯಾವ ಆಡಿಗೂ ನಡೆ ಉಳಿಯದಿದ್ದರೆ ಏನು? ಕೊನೆಯದು ಅಪರೂಪ, ಆದರೆ ಅದೇ ಕಾಟ ಕೊಡುವುದು. ಇವನ್ನೆಲ್ಲ ಒಂದೇ ಕಡತದಲ್ಲಿ ಇಟ್ಟು, ಪ್ರೋಗ್ರಾಂ ಅಲ್ಲಿಂದಲೇ ಓದಿಕೊಳ್ಳುವ ಹಾಗೆ ಮಾಡಿ. ಒಂದು ನಿಯಮ ಬದಲಾದರೆ ಇಡೀ ಕೋಷ್ಟಕ ಹೊಸದಾಗಿ ಕಟ್ಟಬೇಕಾಗುತ್ತದೆ.

ಕೋಷ್ಟಕ ಕಟ್ಟುವ ವಿಧಾನಕ್ಕೆ ರೆಟ್ರೋಗ್ರೇಡ್ ಅನಾಲಿಸಿಸ್ ಅನ್ನುತ್ತಾರೆ. ಕೊನೆಯಿಂದ ಮೊದಲಿಗೆ ಬರುವುದು. ಕಡಿದ ಆಡು ಮನೆಗೆ ವಾಪಸ್ ಬರುವುದಿಲ್ಲವಾದ್ದರಿಂದ 10 ಆಡು ಉಳಿದ ಪದರವನ್ನು ಮೊದಲು ಮುಗಿಸಿ, ಆಮೇಲೆ 11, 12 ಹೀಗೆ 15ರ ತನಕ ಹೋಗಬಹುದು. ಪದರದೊಳಗೆ ಮೊದಲು ಆಟ ಮುಗಿದ ಸ್ಥಿತಿಗಳನ್ನು ಗುರುತಿಸಿ. ಆಮೇಲೆ ಮತ್ತೆ ಮತ್ತೆ ಗುಡಿಸಿಕೊಂಡು ಬನ್ನಿ: ನಡೆಯುವವನಿಗೆ ತನ್ನ ಗೆಲುವಿನ ಸ್ಥಿತಿಗೆ ಒಂದಾದರೂ ದಾರಿಯಿದ್ದರೆ ಗೆಲುವು, ಎಲ್ಲ ದಾರಿಯೂ ಎದುರಾಳಿಯ ಗೆಲುವಿಗೇ ಹೋದರೆ ಸೋಲು. ಒಂದು ಸುತ್ತಿನಲ್ಲಿ ಯಾವುದೂ ಬದಲಾಗದಿದ್ದರೆ ಉಳಿದದ್ದೆಲ್ಲ ಡ್ರಾ. ಆಡುಗಳನ್ನು ಇಡುವ ಹಂತ ಇನ್ನೂ ಸುಲಭ. ಪ್ರತಿ ಸಲವೂ ಒಂದು ಆಡು ಮನೆಗೆ ಇಳಿಯುವುದರಿಂದ ಆಟ ಸುತ್ತಿ ಸುತ್ತಿ ಅಲ್ಲಿಗೇ ಬರುವ ಪ್ರಶ್ನೆಯಿಲ್ಲ. 15ನೇ ಆಡಿನಿಂದ ಹಿಂದಕ್ಕೆ ಒಂದೊಂದೇ ಪದರ, ಒಂದೊಂದೂ 1 ಜಿಬಿ ಒಳಗೆ.

ಇಲ್ಲಿ ತಪ್ಪುವುದು ಎರಡು ಕಡೆ. ‘ಎಲ್ಲ ದಾರಿಯೂ ಸೋಲಿಗೆ’ ಅನ್ನುವ ಪರೀಕ್ಷೆ, ನಡೆಯೇ ಇಲ್ಲದ ಸ್ಥಿತಿಯಲ್ಲಿ ತಾನಾಗಿ ನಿಜವಾಗುತ್ತದೆ. ಹುಲಿಗೆ ಅದು ಸರಿ, ಕಟ್ಟಿಹಾಕಿಸಿಕೊಂಡ ಹುಲಿ ಸೋತಂತೆಯೇ. ಆಡಿಗೆ ನಿಮ್ಮ ನಿಯಮ ಬೇರೆ ಹೇಳಿದ್ದರೆ ಕೋಷ್ಟಕ ಸದ್ದಿಲ್ಲದೆ ಕೆಡುತ್ತದೆ. ಎರಡನೆಯದು ತಾಳೆ ನೋಡುವುದರಲ್ಲಿ. ಒಂದಷ್ಟು ಸ್ಥಿತಿಗಳನ್ನು ಎತ್ತಿಕೊಂಡು, ಮುಂದಿನ ಸ್ಥಿತಿಗಳ ಜೊತೆ ಗುರುತು ಹೊಂದುತ್ತದೆಯೇ ಅಂತ ನೋಡಿದರೆ ಸಾಲದು. ಸುತ್ತು ಹೊಡೆಯುವ ತಪ್ಪು ಗುರುತುಗಳೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಒಂದು ಹುಲಿ, ನಾಲ್ಕು ಆಡಿನ ಪುಟ್ಟ ಆಟ ಮಾಡಿ, ಅದನ್ನು ಬೇರೆ ವಿಧಾನದಲ್ಲಿ, ಬೇರೆಯವರ ಕೈಯಿಂದ ಬಿಡಿಸಿ ಎರಡನ್ನೂ ಹೋಲಿಸಬೇಕು.

ಸಾಹಿತ್ಯ ಸಮೀಕ್ಷೆಯಲ್ಲಿ ಬಿಡಬಾರದ ಹೆಸರುಗಳು: ನಮ್ಮ ಸಾಲುಮನೆ ಆಟದ ಸೋದರನಂತಿರುವ ನೈನ್ ಮೆನ್ಸ್ ಮಾರಿಸನ್ನು ರಾಲ್ಫ್ ಗ್ಯಾಸರ್ 1993ರಲ್ಲಿ ಬಿಡಿಸಿದರು (ಇಬ್ಬರೂ ತಪ್ಪಿಲ್ಲದೆ ಆಡಿದರೆ ಫಲಿತಾಂಶ ಏನು ಅಂತ ಲೆಕ್ಕ ಹಾಕಿ ತೋರಿಸಿದರು), ಚೆಕರ್ಸ್ ಆಟವನ್ನು ಜೊನಾಥನ್ ಶೇಫರ್ ತಂಡ 2007ರಲ್ಲಿ ಬಿಡಿಸಿತು. ಎರಡೂ ಡ್ರಾ. ನೇಪಾಳದ ಬಾಘ್ ಚಾಲ್ (25 ಬಿಂದು, 4 ಹುಲಿ, 20 ಆಡು) ಕೂಡ ಡ್ರಾ ಎಂದು ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ತೋರಿಸಿದ್ದಾರೆ. ಅಂದಮೇಲೆ ‘ಆಟ ಬಿಡಿಸಿದೆ’ ಅನ್ನುವುದೊಂದೇ ಪಿಎಚ್‌ಡಿ ಆಗುವುದಿಲ್ಲ. ಬಿಡಿಸಿದ ಆಟ ನಿಮ್ಮ ಅಳತೆಗೋಲು. ಕಲಿಯುವ ಏಜೆಂಟ್ ಎಲ್ಲಿ, ಯಾವ ಬಗೆಯ ಸ್ಥಿತಿಯಲ್ಲಿ, ಯಾಕೆ ಎಡವುತ್ತದೆ ಅನ್ನುವುದೇ ಸಂಶೋಧನಾ ಪ್ರಶ್ನೆ.

ಈಗ ಏಜೆಂಟ್. ಮನೆ ಚೌಕಾಕಾರದ್ದಲ್ಲ, ಹಾಗಾಗಿ ಚಿತ್ರಕ್ಕೆ ಬಳಸುವ ಕನ್ವಲ್ಯೂಷನ್ ಜಾಲ (ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್) ಇಲ್ಲಿ ಕೂರುವುದಿಲ್ಲ. 23 ಬಿಂದುಗಳಿಗೆ ತಲಾ ಮೂರು ಅಂಕಿ (ಖಾಲಿ, ಹುಲಿ, ಆಡು), ಜೊತೆಗೆ ಕೈಯಲ್ಲಿರುವ ಆಡು, ಕಡಿಸಿಕೊಂಡ ಆಡು, ನಡೆ ಯಾರದು; ಇಷ್ಟನ್ನು ಎರಡು ಪದರದ ಸಾದಾ ಜಾಲಕ್ಕೆ ಕೊಟ್ಟು ಶುರು ಮಾಡಿ. ಬಿಂದು-ಗೆರೆಗಳ ಜೋಡಣೆಯನ್ನೇ ಬಳಸುವ ಗ್ರಾಫ್ ಜಾಲ ಆಮೇಲೆ ನೋಡಬಹುದು. ನಿಯಮಬಾಹಿರ ನಡೆಗಳನ್ನು ಮುಚ್ಚುವಾಗ ಆಯ್ಕೆಯ ಜಾಗದಲ್ಲಿ ಮಾತ್ರ ಮುಚ್ಚಿ, ಡಿಕ್ಯೂಎನ್ ಗುರಿಬೆಲೆ (ಜಾಲ ತಲುಪಲು ಕಲಿಯಬೇಕಾದ ಬೆಲೆ) ಲೆಕ್ಕ ಹಾಕುವ ಗರಿಷ್ಠದಲ್ಲಿ ಮುಚ್ಚುವುದನ್ನು ಮರೆತರೆ, ಆಡಲಾಗದ ನಡೆಗಳ ಬೆಲೆ ಸೇರಿಕೊಂಡು ಅಂಕಿಗಳು ಉಬ್ಬುತ್ತಾ ಹೋಗುತ್ತವೆ. ಮುಂದಿನ ಸ್ಥಿತಿಯಲ್ಲಿ ನಡೆ ಎದುರಾಳಿಯದು. ಆದ್ದರಿಂದ ಅಲ್ಲಿನ ಬೆಲೆಗೆ ಮೈನಸ್ ಚಿಹ್ನೆ ಬೇಕು. ಈ ಮೈನಸ್ ಬಿಟ್ಟುಹೋದರೂ ನಷ್ಟದ (ಜಾಲದ ಅಂದಾಜಿನ ತಪ್ಪಿನ) ಗೆರೆ ಚೆನ್ನಾಗಿಯೇ ಇಳಿಯುತ್ತದೆ, ಆಟ ಮಾತ್ರ ಹುಚ್ಚುಹುಚ್ಚಾಗಿರುತ್ತದೆ.

ಬಹುಮಾನದ ವಿಷಯದಲ್ಲಿ ಎಲ್ಲರಿಗೂ ಒಂದೇ ಆಸೆ: ಕಡಿದ ಪ್ರತಿ ಆಡಿಗೂ ಹುಲಿಗೆ ಒಂದು ಅಂಕ. ಮಾಡಬೇಡಿ. ಆಡು-ಹುಲಿ ಆಡಿ ಪಳಗಿದ ಯಾವ ಅಜ್ಜನನ್ನು ಕೇಳಿದರೂ ಹೇಳುತ್ತಾರೆ, ಹುಲಿ ಕಟ್ಟಬೇಕಾದರೆ ಒಂದು ಆಡು ಬಲಿ ಕೊಡಬೇಕು ಅಂತ. ಅಂಕದ ಆಸೆಗೆ ಬಿದ್ದ ಹುಲಿ ಆ ಬಲೆಗೆ ತಾನೇ ನಡೆದು ಹೋಗುತ್ತದೆ. ಇದೇ ರೋಗ ವಿಡಿಯೊ ಗೇಮಿನಲ್ಲೂ ಉಂಟು: 2016ರಲ್ಲಿ ಓಪನ್‌ಎಐ ತೋರಿಸಿದ ಕೋಸ್ಟ್‌ರನ್ನರ್ಸ್ ದೋಣಿ, ರೇಸ್ ಮುಗಿಸುವುದು ಬಿಟ್ಟು ಅಂಕ ಕೊಡುವ ಗುರುತುಗಳ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. ಗೆದ್ದರೆ +1, ಸೋತರೆ -1, ಡ್ರಾಗೆ 0. ಕಲಿಕೆ ನಿಧಾನ, ಆದರೆ ನೀವು ಕೇಳಿದ್ದನ್ನೇ ಕಲಿಯುತ್ತದೆ.

ನಿಧಾನಕ್ಕೆ ಕಾರಣ ಬೇರೆ ಇದೆ. ತನ್ನ ಜೊತೆ ತಾನೇ ಆಡುವ ಶುರುವಿನ ದಿನಗಳಲ್ಲಿ ಆಡಿನ ಕಡೆ ಗೆಲುವು ಕಾಣುವುದೇ ಇಲ್ಲ, ಏಕೆಂದರೆ ಹುಲಿ ಅಡ್ಡಾದಿಡ್ಡಿ ಆಡಿದರೂ ಆಡು ಸಿಗುತ್ತದೆ, ಹುಲಿ ಕಟ್ಟಲು 15 ಆಡುಗಳ ಒಗ್ಗಟ್ಟು ಬೇಕು. ಗೆಲುವು ಕಾಣದ ಕಡೆಗೆ ಕಲಿಯಲು ಏನೂ ಇಲ್ಲ. ಕೋಷ್ಟಕದಿಂದ ಆಡಿಗೆ ಗೆಲುವಿರುವ ಕೊನೆಹಂತದ ಸ್ಥಿತಿಗಳನ್ನು ಆರಿಸಿ ಅಲ್ಲಿಂದ ಆಟ ಶುರು ಮಾಡಿಸಿ, ಮೆಲ್ಲಗೆ ಹಿಂದಕ್ಕೆ ಸರಿಸಿ. ಎದುರಾಳಿಯಾಗಿ ಇವತ್ತಿನ ಜಾಲ ಒಂದನ್ನೇ ಇಟ್ಟುಕೊಳ್ಳದೆ ಹಳೆಯ ಜಾಲಗಳ ಒಂದು ಗುಂಪನ್ನೂ ಉಳಿಸಿಕೊಳ್ಳಿ.

ಡ್ರಾ ಆಗುವ ಆಟ ತಾನಾಗಿ ನಿಲ್ಲುವುದಿಲ್ಲ. 200 ನಡೆಗೆ ಮಿತಿ ಹಾಕುತ್ತೀರಿ. ಏಜೆಂಟ್ ತರಬೇತಿಗೆ ಬಳಸುವ ಜಿಮ್ನೇಸಿಯಂ ಲೈಬ್ರರಿ ಆಟ ಮುಗಿದದ್ದನ್ನೂ, ಮಿತಿಯಿಂದ ಕಡಿದು ನಿಲ್ಲಿಸಿದ್ದನ್ನೂ ಬೇರೆ ಬೇರೆ ಗುರುತಿನಲ್ಲಿ ಕೊಡುತ್ತದೆ. ಎರಡನ್ನೂ ಒಂದೇ ಮಾಡಿದರೆ ಗೆಲುವಿನ ಹೊಸ್ತಿಲಲ್ಲಿದ್ದ ಸ್ಥಿತಿಗೂ ಮುಂದಿನ ಬೆಲೆ ಸೊನ್ನೆ ಅಂತ ಜಾಲ ಕಲಿಯುತ್ತದೆ.

ಅಳೆಯುವಾಗ ‘ಯಾದೃಚ್ಛಿಕ ಎದುರಾಳಿಯ ವಿರುದ್ಧ 99% ಗೆಲುವು’ ಅನ್ನುವ ಸಾಲು ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಏಜೆಂಟ್‌ಗಳನ್ನು ಆಡಿಸಿ 100 ಆಟದಲ್ಲಿ 55 ಗೆದ್ದರೆ ನಿಜವಾದ ದರ 45ರಿಂದ 65ರವರೆಗೆ ಎಲ್ಲಿ ಬೇಕಾದರೂ ಇರಬಹುದು. 1,000 ಆಟವಾದರೆ ಆಚೀಚೆ 3ಕ್ಕೆ ಇಳಿಯುತ್ತದೆ. ಆದರೆ ಇಬ್ಬರೂ ಸದಾ ತಮ್ಮ ಅತ್ಯುತ್ತಮ ನಡೆಯನ್ನೇ ಆಡುವವರಾದರೆ ಆ 1,000 ಆಟವೂ ಒಂದೇ ಆಟದ ನಕಲು! ಬೇರೆ ಬೇರೆ ಶುರುಸ್ಥಿತಿಗಳಿಂದ ಆಡಿಸಬೇಕು, ಪ್ರತಿ ಸ್ಥಿತಿಯನ್ನೂ ಎರಡು ಕಡೆಯಿಂದಲೂ. ಇದಕ್ಕಿಂತ ಒಳ್ಳೆಯ ಅಳತೆ ಕೋಷ್ಟಕದಲ್ಲೇ ಇದೆ: ಗೆಲುವಿದ್ದ ಸ್ಥಿತಿಯನ್ನು ಡ್ರಾ ಅಥವಾ ಸೋಲಿಗೆ ಇಳಿಸಿದ ನಡೆಗಳು ನೂರಕ್ಕೆಷ್ಟು. ಸರಿಯಾದ ನಡೆ ಒಂದೇ ಒಂದು ಇರುವ ಸ್ಥಿತಿಗಳನ್ನು ಪ್ರತ್ಯೇಕವಾಗಿ ಎಣಿಸಿ. ಏನು ಆಡಿದರೂ ನಡೆಯುವ ಸ್ಥಿತಿಗಳು ಸೇರಿಕೊಂಡರೆ ಯಾವ ಏಜೆಂಟೂ ಜಾಣನಂತೆ ಕಾಣುತ್ತದೆ.

ಸೀಡ್ ಮೂರು ಸಾಕು ಅನ್ನುವವರಿಗೆ ಹೆಂಡರ್ಸನ್ ಮತ್ತು ಸಂಗಡಿಗರ ಕೆಲಸ ತೋರಿಸಿ: ಒಂದೇ ಅಲ್ಗಾರಿದಮ್‌ನ 10 ಓಟಗಳನ್ನು ಐದೈದಾಗಿ ಒಡೆದರೆ ಎರಡು ಬೇರೆ ಅಲ್ಗಾರಿದಮ್‌ಗಳಂತೆ ಕಂಡವು. ಹತ್ತು ಓಡಿಸಿ, ಎಲ್ಲವನ್ನೂ ತೋರಿಸಿ, ಹೋಲಿಕೆಯ ಅಲ್ಗಾರಿದಮ್‌ಗೂ ನಿಮ್ಮದಕ್ಕೆ ಕೊಟ್ಟಷ್ಟೇ ಟ್ಯೂನಿಂಗ್ ಸಮಯ ಕೊಡಿ.

ಇಲ್ಲಿ ಸಿಕ್ಕ ಉತ್ತರ ವಿಡಿಯೊ ಗೇಮಿಗೂ ಹೊಂದುತ್ತದೆಯೇ ಅನ್ನುವುದು ಮುಂದಿನ ಅಧ್ಯಾಯ. ಮಿನ್‌ಅಟಾರಿಯ (ಅಟಾರಿ ಆಟಗಳ ಪುಟ್ಟ ರೂಪಗಳು) ಐದು ಆಟಗಳು 10×10 ಚೌಕದವು, ಅವುಗಳಿಗೆ ಸಾಧಾರಣ ಯಂತ್ರ ಸಾಕು. ಕಲಿತದ್ದು ಹೊಸ ಮಟ್ಟಗಳಿಗೂ ಒಗ್ಗುತ್ತದೆಯೇ, ಬಾಯಿಪಾಠವೇ ಅಂತ ನೋಡಲು ಪ್ರೊಕ್‌ಜೆನ್‌ನ 16 ಆಟಗಳಲ್ಲಿ ಎರಡನ್ನೋ ಮೂರನ್ನೋ ಆರಿಸಿ. ಪೂರ್ಣ ಅಟಾರಿ ಮುಟ್ಟಲೇಬೇಕಾದರೆ ಮೆಮೊರಿ ಲೆಕ್ಕ ಮೊದಲು. 84×84 ಫ್ರೇಮ್ ಒಂದಕ್ಕೆ 7,056 ಬೈಟ್. 10 ಲಕ್ಷ ಫ್ರೇಮಿನ, ಆಡಿದ್ದನ್ನು ಮತ್ತೆ ಕಲಿಯಲು ಕೂಡಿಟ್ಟುಕೊಳ್ಳುವ ರಿಪ್ಲೇ ಬಫರ್‌ಗೆ 7 ಜಿಬಿ. ಅದನ್ನೇ 32 ಬಿಟ್ ದಶಮಾಂಶದಲ್ಲಿ ಇಟ್ಟರೆ 28 ಜಿಬಿ, ನಾಲ್ಕು ಫ್ರೇಮ್‌ಗಳ ಕಟ್ಟಾಗಿ ಇಟ್ಟರೆ 112 ಜಿಬಿ. 16 ಜಿಬಿ ಯಂತ್ರದಲ್ಲಿ ಎರರ್ ಬಾರದಿದ್ದರೂ ಡಿಸ್ಕ್ ಕೆರೆಯುತ್ತಾ ಯಂತ್ರ ನಿಂತೇ ಹೋಗುತ್ತದೆ. ಆಟ ಪ್ರತಿ ಸಲವೂ ಒಂದೇ ಥರ ನಡೆದು ಏಜೆಂಟ್ ಗಿಳಿಪಾಠ ಕಲಿಯದಿರಲಿ ಅಂತ, ಹಿಂದಿನ ನಡೆಯೇ ಮರುಕಳಿಸುವ ಸಂಭವವನ್ನು 0.25ಕ್ಕೆ ಇಡುವುದು ಈಗಿನ ರೂಢಿ.

ಕರೆಂಟಿನ ವಿಷಯ ಪ್ರಬಂಧಗಳಲ್ಲಿ ಇರುವುದಿಲ್ಲ, ಪಾವಗಡದ ಸೋಲಾರ್ ಪಾರ್ಕ್ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದ್ದರೂ ಕರೆಂಟ್ ಹೋಗುವುದು ತಪ್ಪಿಲ್ಲ. 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಇಡಿ: ಜಾಲದ ತೂಕ (ಕಲಿತ ಅಂಕಿಗಳು), ಆಪ್ಟಿಮೈಸರ್ (ಆ ಅಂಕಿಗಳನ್ನು ತಿದ್ದುವ ಭಾಗ) ಸ್ಥಿತಿ, ರಿಪ್ಲೇ ಬಫರ್, ರ‍್ಯಾಂಡಮ್ ಜನರೇಟರ್ ಸ್ಥಿತಿ, ಹೆಜ್ಜೆಯ ಸಂಖ್ಯೆ. ತಾತ್ಕಾಲಿಕ ಕಡತಕ್ಕೆ ಬರೆದು ಆಮೇಲೆ ಹೆಸರು ಬದಲಿಸಿ, ಇಲ್ಲದಿದ್ದರೆ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಹಳೆಯದೂ ಹೊಸದೂ ಎರಡೂ ಕೈತಪ್ಪುತ್ತವೆ. ಆಪ್ಟಿಮೈಸರ್ ಸ್ಥಿತಿ ಬಿಟ್ಟರೆ ಪ್ರತಿ ಸಲ ಕರೆಂಟ್ ಬಂದ ಮೇಲೂ ಕಲಿಕೆಯ ಗೆರೆ ಕುಸಿಯುತ್ತದೆ, ಆ ಕುಸಿತವನ್ನು ಅಲ್ಗಾರಿದಮ್‌ನ ಗುಣ ಅಂತ ಬರೆದುಬಿಡುವ ಅಪಾಯ ಇದೆ. ಏಪ್ರಿಲ್ ಬಿಸಿಗೆ ಜಿಪಿಯು ವೇಗ ಇಳಿಸಿಕೊಳ್ಳುವುದರಿಂದ ಫಲಿತಾಂಶವನ್ನು ಗಂಟೆಗಳಲ್ಲಿ ಹೇಳದೆ ಹೆಜ್ಜೆಗಳಲ್ಲಿ ಹೇಳಿ.

ಹಳ್ಳಿಗೆ ಹೋಗಿ ಆಡುವವರ ಆಟ ದಾಖಲಿಸುವ ಆಲೋಚನೆ ಇದ್ದರೆ, ಎಥಿಕ್ಸ್ ಸಮಿತಿಯ ಅನುಮತಿ ಮೊದಲು, ರೆಕಾರ್ಡಿಂಗ್ ಆಮೇಲೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ. ಮಕ್ಕಳಾದರೆ ಪೋಷಕರ ಸಹಿ ಬೇಕು.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ಮೊದಲ ಸಭೆಗೆ ಸ್ಲೈಡ್ ತುಂಬ ಅಲ್ಗಾರಿದಮ್ ಚಿತ್ರ ಒಯ್ಯುವ ಬದಲು ನಿಯಮದ ಕಡತ, ಪುಟ್ಟ ಆಟದ ಪೂರ್ಣ ಕೋಷ್ಟಕ, ಒಂದು ಸಾದಾ ಏಜೆಂಟ್‌ನ ತಪ್ಪುನಡೆ ಪ್ರಮಾಣ ಇಷ್ಟನ್ನು ಒಯ್ದರೆ ಸಾಕು. ಪ್ರಕಟಿಸಲು ಐಇಇಇ ಕಾನ್ಫರೆನ್ಸ್ ಆನ್ ಗೇಮ್ಸ್ ಇದೆ, ಎಐಐಡಿಇ ಸಮ್ಮೇಳನ ಇದೆ, ಐಇಇಇ ಟ್ರಾನ್ಸಾಕ್ಷನ್ಸ್ ಆನ್ ಗೇಮ್ಸ್ ಇದೆ. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವವರ ಮೇಲ್‌ಗಳನ್ನು ಅಳಿಸಿಹಾಕಿ. ಪ್ರಬಂಧದ ಜೊತೆ ಕೋಡ್, ನಿಯಮದ ಕಡತ, ಬಳಸಿದ ಸೀಡ್‌ಗಳು, ಕೋಷ್ಟಕದ ಚೆಕ್‌ಸಮ್ (ಕಡತ ಒಂದೇ ಅಂತ ತಾಳೆ ನೋಡುವ ಸಂಖ್ಯೆ) ಇಟ್ಟಿದ್ದರೆ, ಹೊರಗಿನ ಪರೀಕ್ಷಕರು ತಮ್ಮ ಯಂತ್ರದಲ್ಲೇ ಕೋಷ್ಟಕ ಕಟ್ಟಿ ತಾಳೆ ನೋಡಬಹುದು.